ರೀಲ್‌ನ ಬೇರಿಂಗ್ ಬದಲಿಸುವ ಮುನ್ನ ವರ್ನಿಯರ್ ಹಿಡಿಯಿರಿ

ಮರಲ್ ಮೀನು ಹಿಡಿಯುವ ಹುಚ್ಚು ಹತ್ತಿದವರಿಗೆ ಸ್ವಲ್ಪ ದಿನದಲ್ಲೇ ಇನ್ನೊಂದು ಹುಚ್ಚು ಹತ್ತುತ್ತದೆ: ಗಾಳದ ದಾರ ಸುತ್ತುವ ರೀಲ್‌ನ ಬೇರಿಂಗ್ ಬದಲಿಸುವುದು. ಜೊಂಡಿನ ಆಚೆ ಮೀನು ಉಸಿರು ತೆಗೆದುಕೊಳ್ಳಲು ಮೇಲೆ ಬಂದು ಗುಳುಕ್ ಅನ್ನುತ್ತದೆ. ನಾವು ಎಸೆದ ಲೂರ್, ಅಂದರೆ ಕೃತಕ ಆಮಿಷ, ಐದಾರು ಮಾರು ಈಚೆಗೇ ಬೀಳುತ್ತದೆ. ಆಗ ಪಕ್ಕದಲ್ಲಿ ನಿಂತವರು ಯಾರೋ ಹೇಳುತ್ತಾರೆ: "ಬೇರಿಂಗ್ ಚೇಂಜ್ ಮಾಡ್ರೀ ಅಣ್ಣಾ, ಸಿರಾಮಿಕ್ ಹಾಕ್ರೀ. ಭೀಮಾ ದಾಟಿ ಆ ಕಡಿ ಬೀಳ್ತದ."

ನಾನೂ ಈ ಮಾತು ನಂಬಿದೆ. ಹತ್ತು ಬೇರಿಂಗ್‌ಗಳ ಪೂರ್ತಿ ಸೆಟ್ ತರಿಸಿದೆ. ಒಂದು ಭಾನುವಾರವಿಡೀ ಕೂತು ಎಲ್ಲವನ್ನೂ ಹಾಕಿದೆ. ಎಸೆತ ಎಷ್ಟು ಹೆಚ್ಚಾಯಿತು ಗೊತ್ತಾ? ಎರಡೇ ಎರಡು ಹಾಕಿದ್ದರೆ ಎಷ್ಟು ಹೆಚ್ಚಾಗುತ್ತಿತ್ತೋ ಅಷ್ಟೇ. ಉಳಿದ ಎಂಟರ ದುಡ್ಡು ನೀರಿಗೆ ಹೋಯಿತು.

ಯಾವ ಎರಡು?

ಬೈಟ್‌ಕಾಸ್ಟಿಂಗ್ ರೀಲ್‌ನಲ್ಲಿ ಎಸೆಯುವಾಗ ಸ್ಪೂಲೇ, ಅಂದರೆ ದಾರ ಸುತ್ತಿರುವ ಉರುಳೆಯೇ, ಗಿರಗಿರ ತಿರುಗಬೇಕು. ಸ್ಪಿನ್ನಿಂಗ್ ರೀಲ್‌ನಲ್ಲಿ ಹಾಗಲ್ಲ. ಅಲ್ಲಿ ಸ್ಪೂಲ್ ಸುಮ್ನೆ ನಿಂತಿರುತ್ತದೆ, ದಾರ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡು ಹೋಗುತ್ತದೆ. ಹಾಗಾಗಿ ಬೈಟ್‌ಕಾಸ್ಟಿಂಗ್‌ನಲ್ಲಿ ದೂರಕ್ಕೆ ಲೆಕ್ಕಕ್ಕೆ ಬರುವುದು ಸ್ಪೂಲ್ ಹೊರುವ ಬೇರಿಂಗ್‌ಗಳು ಮಾತ್ರ. ಸಾಮಾನ್ಯವಾಗಿ ಒಂದು ಎಡ ಪಕ್ಕದ ಮುಚ್ಚಳದಲ್ಲಿ, ಅಂದರೆ ಬ್ರೇಕ್ ಇರುವ ಕಡೆ ಇರುತ್ತದೆ. ಇನ್ನೊಂದು ಹ್ಯಾಂಡಲ್ ಕಡೆ, ಬೆರಳಿನಿಂದ ತಿರುಗಿಸುವ ಟೆನ್ಷನ್ ನಾಬ್‌ನ ಒಳಗೆ, ಇಲ್ಲವೇ ಸ್ಪೂಲ್‌ನ ಶಾಫ್ಟ್ ಮೇಲೆಯೇ ಇರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಶಾಫ್ಟ್ ಮೇಲೆ ಮೂರನೆಯದೂ ಇರುವುದುಂಟು.

ರೀಲ್‌ನ ಡಬ್ಬದ ಮೇಲೆ ಬೇರಿಂಗ್ ಲೆಕ್ಕವನ್ನು 10+1 ಎಂದು ದೊಡ್ಡದಾಗಿ ಬರೆದಿರುತ್ತಾರಲ್ಲ, ಅದರಲ್ಲಿ ಆ +1 ಅನ್ನುವುದು ಹ್ಯಾಂಡಲ್ ಹಿಂದಕ್ಕೆ ತಿರುಗದಂತೆ ತಡೆಯುವ ರೋಲರ್ ಬೇರಿಂಗ್. ಅದಕ್ಕೂ ಎಸೆತಕ್ಕೂ ಸಂಬಂಧವಿಲ್ಲ. ಹ್ಯಾಂಡಲ್ ಗುಬ್ಬಿಯ ಒಳಗಿನವು ಸುತ್ತುವಾಗ ಕೈಗೆ ಹಿತ ಕೊಡುತ್ತವೆ, ಅಷ್ಟೇ. ಅಲ್ಲಿ ಪ್ಲಾಸ್ಟಿಕ್ ಬುಷ್ ಇದ್ದು ಕಿರಿಕಿರಿ ಆಗುತ್ತಿದ್ದರೆ ಬದಲಿಸಿ. ದೂರ ಸಿಗುತ್ತದೆ ಎಂದು ಮಾತ್ರ ಬದಲಿಸಬೇಡಿ.

ಇನ್ನೊಂದು ಮಾತು. ರೋಹು, ಕಾಟ್ಲಾಗೆ ಅಂತ ದಪ್ಪ ಸೀಸದ ಗುಂಡು ಕಟ್ಟಿ, ಹಿಟ್ಟಿನ ಉಂಡೆ ಎಸೆದು ಕೂರುವವರಿಗೆ ಈ ಲೇಖನ ಬೇಕಾಗಿಯೇ ಇಲ್ಲ. ಅಷ್ಟು ಭಾರ ಯಾವ ಬೇರಿಂಗನ್ನಾದರೂ ತಿರುಗಿಸುತ್ತದೆ. 15 ಗ್ರಾಂನ ರಬ್ಬರ್ ಕಪ್ಪೆ ಲೂರ್‌ಗೂ ತಕ್ಕಮಟ್ಟಿಗೆ ಅದೇ ಮಾತು. ವ್ಯತ್ಯಾಸ ಚೆನ್ನಾಗಿ ಕಾಣುವುದು 5ರಿಂದ 7 ಗ್ರಾಂನ ಹಗುರ ಲೂರ್‌ಗಳಲ್ಲಿ.

ಮೊದಲು ತೊಳೆದು ನೋಡಿ

ಹೊಸ ರೀಲ್‌ನಲ್ಲೇ ಕಾರ್ಖಾನೆಯವರು ಗಟ್ಟಿ ಎಣ್ಣೆಯನ್ನೋ ಗ್ರೀಸನ್ನೋ ತುಂಬಿ ಕಳಿಸಿರುತ್ತಾರೆ. ತುಕ್ಕು ಹಿಡಿಯದಿರಲಿ ಎಂಬುದು ಅವರ ಚಿಂತೆ, ದೂರ ಹೋಗಲಿ ಎಂಬುದಲ್ಲ. ಹಳೆ ರೀಲ್ ಆದರೆ ಅದರ ಜೊತೆಗೆ ನಮ್ಮ ಕರಿಮಣ್ಣಿನ ಧೂಳೂ ಸೇರಿ ಕಾಡಿಗೆಯಂತೆ ಆಗಿರುತ್ತದೆ. ಸೇಡಂ, ಶಹಾಬಾದ್ ಕಡೆಯವರಿಗೆ ಕಲ್ಲಿನ ಪುಡಿ, ಸಿಮೆಂಟ್ ಪುಡಿ ಬೋನಸ್.

ಬೇರಿಂಗನ್ನು ಸಣ್ಣ ಗಾಜಿನ ಬಾಟಲಿಗೆ ಹಾಕಿ, ಲೈಟರ್ ಫ್ಲೂಯಿಡ್ ಅಥವಾ ಐಸೋಪ್ರೊಪೈಲ್ ಆಲ್ಕೋಹಾಲ್ ಸುರಿದು ಚೆನ್ನಾಗಿ ಕುಲುಕಿ. ದ್ರವ ಕಪ್ಪಾದರೆ ಚೆಲ್ಲಿ ಮತ್ತೆ ಹಾಕಿ. ತಿಳಿಯಾಗುವ ತನಕ ಎರಡು ಮೂರು ಸಲ ಮಾಡಿ. ಒಲೆ, ಬೀಡಿ ಹತ್ತಿರ ಇರಬಾರದು. ಮನೆಯಲ್ಲಿರುವ ನೇಲ್ ಪಾಲಿಷ್ ರಿಮೂವರ್ ಬೇಡ. ಅದರಲ್ಲಿ ಅಸಿಟೋನ್ ಜೊತೆ ವಾಸನೆಗೆ, ಜಿಡ್ಡಿಗೆ ಏನೇನೋ ಬೆರೆಸಿರುತ್ತಾರೆ. ಅಸಿಟೋನ್ ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ.

ಒಣಗಿದ ಮೇಲೆ ಪೆನ್ಸಿಲ್ ತುದಿಗೆ ಸಿಕ್ಕಿಸಿ ಬೆರಳಿನಿಂದ ಮೆಲ್ಲಗೆ ತಿರುಗಿಸಿ, ಕಿವಿಯ ಹತ್ತಿರ ಹಿಡಿಯಿರಿ. ನುಣ್ಣಗೆ ಓಡಿದರೆ ಬೇರಿಂಗ್ ಚೆನ್ನಾಗಿದೆ, ಒಂದು ತೊಟ್ಟು ಎಣ್ಣೆ ಸಾಕು. ತೊಳೆದ ಮೇಲೂ ಗರಗರ ಅಂದರೆ, ತಡೆ ತಡೆದು ನಿಂತರೆ, ಒಳಗೆ ಗುಂಡುಗಳು ಓಡುವ ದಾರಿಯಲ್ಲಿ ಗುಳಿ ಬಿದ್ದಿದೆ ಎಂದರ್ಥ. ಅಂಥದ್ದನ್ನು ಮಾತ್ರ ಬದಲಿಸಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹಿಡಿದು ಜುಂಯ್ ಎಂದು ತಿರುಗಿಸಿ ಖುಷಿಪಡುವವರಿದ್ದಾರೆ. ಎಣ್ಣೆಯಿಲ್ಲದ ಗುಂಡುಗಳು ಆ ವೇಗದಲ್ಲಿ ಓಡಿದರೆ ಚೆನ್ನಾಗಿದ್ದ ಬೇರಿಂಗೂ ಕೆಡುತ್ತದೆ.

ಹತ್ತರಲ್ಲಿ ಆರೇಳು ಜನರ ಕೆಲಸ ಇಲ್ಲಿಗೇ ಮುಗಿಯುತ್ತದೆ ಅನ್ನುವುದು ನನ್ನ ಅಂದಾಜು. ಆದರೂ ಹೊಸದು ಬೇಕು ಅನ್ನುವವರು ಮುಂದೆ ಓದಿ.

ಮೂರು ಅಳತೆ, ಒಂದೂ ತಪ್ಪಬಾರದು

ಬೇರಿಂಗ್‌ಗೆ ಮೂರು ಅಳತೆ: ಒಳ ತೂತು, ಹೊರ ವ್ಯಾಸ, ದಪ್ಪ. 3×10×4 ಎಂದರೆ ತೂತು 3 ಮಿ.ಮೀ, ಹೊರಗೆ 10, ದಪ್ಪ 4. ಸ್ಪೂಲ್ ಜಾಗದಲ್ಲಿ ಹೆಚ್ಚಾಗಿ ಕಾಣುವವು 3×10×4, 3×8×4 ಮತ್ತು 5×11×4. ಒಂದೇ ರೀಲ್‌ನ ಎರಡು ಕಡೆ ಎರಡು ಬೇರೆ ಅಳತೆ ಇರುವುದೂ ಉಂಟು. ಆದ್ದರಿಂದ ಒಂದನ್ನು ಅಳೆದು ಎರಡು ತರಿಸಬೇಡಿ.

ಸ್ಕೇಲ್‌ನಲ್ಲಿ ಇದು ಆಗುವುದಿಲ್ಲ. ವರ್ನಿಯರ್, ಅಂದರೆ ಮಿಲಿಮೀಟರಿನ ಭಾಗವನ್ನೂ ಅಳೆಯುವ ಸಾಧನ ಬೇಕು. ಇಲ್ಲದಿದ್ದರೆ ಲೇಥ್ ಕೆಲಸದವರ ಹತ್ತಿರ ಹೋಗಿ. ಎರಡು ನಿಮಿಷದ ಕೆಲಸ, ಚಹಾ ಕುಡಿಸಿದರೆ ಸಾಕು.

ಅಂಗಡಿಯಲ್ಲಿ ಈ ಅಳತೆ ಹೇಳಿದರೆ ಕೆಲವರಿಗೆ ತಿಳಿಯುವುದಿಲ್ಲ, ನಂಬರ್ ಕೇಳುತ್ತಾರೆ. ಕಲಬುರಗಿಯ ಬೇರಿಂಗ್ ಅಂಗಡಿಯೊಂದರಲ್ಲಿ ನಾನು ಪುಟ್ಟ ಬೇರಿಂಗ್ ತೋರಿಸಿದಾಗ ಗಲ್ಲಾದಲ್ಲಿದ್ದ ಹಿರಿಯರು ಅಂಗೈ ಮೇಲಿಟ್ಟುಕೊಂಡು ನಕ್ಕರು.

"ಇದ್ಯಾವ ಮೋಟರಿಂದ್ರೀ?"

"ಮೋಟರಿಂದಲ್ಲ ಕಾಕಾ, ಮೀನ ಹಿಡಿಯೋ ರೀಲಿಂದು."

"ಟ್ರ್ಯಾಕ್ಟರಿಂದ್ ಕೇಳ್ರಿ, ಕೊಡ್ತೀನಿ. ಇದಕ್ಕ ನಂಬರ್ ತಗೊಂಡ್ ಬರ್ರಿ."

ನಂಬರ್ ಹೀಗಿದೆ: 3×10×4ಕ್ಕೆ 623ಜಡ್‌ಜಡ್, 3×8×4ಕ್ಕೆ 693ಜಡ್‌ಜಡ್, 5×11×4ಕ್ಕೆ ಎಂಆರ್115ಜಡ್‌ಜಡ್. ಮುಂದೆ ಎಸ್ ಅಕ್ಷರ ಸೇರಿಸಿ ಎಸ್623 ಎಂದಿದ್ದರೆ ಸಾಮಾನ್ಯವಾಗಿ ಅದು ಸ್ಟೇನ್‌ಲೆಸ್. ನಾನು ಒಮ್ಮೆ ಎಂಆರ್115 ಬದಲು 685ಜಡ್‌ಜಡ್ ತಂದೆ. ತೂತೂ 5, ಹೊರಗೂ 11, ಎಲ್ಲ ಸರಿ ಇದೆ ಅನ್ನಿಸಿತು. ದಪ್ಪ ಮಾತ್ರ 4ರ ಬದಲು 5. ಪಕ್ಕದ ಮುಚ್ಚಳ ಮುಚ್ಚಲೇ ಇಲ್ಲ. ಒತ್ತಿ ತಿರುಗಿಸಿ ಅದರ ಕಚ್ಚನ್ನೂ ಸ್ವಲ್ಪ ಕೆಡಿಸಿಕೊಂಡೆ. ಒಂದು ಮಿಲಿಮೀಟರ್ ರೀ, ಬರೀ ಒಂದು.

ಎಬೆಕ್ ನಂಬರಿಗೆ ಮರುಳಾಗಬೇಡಿ

ಬೇರಿಂಗ್ ಮಾರುವವರು ಎಬೆಕ್ 5, ಎಬೆಕ್ 7, ಎಬೆಕ್ 9 ಎನ್ನುತ್ತಾರೆ. ಇದು ಅಮೆರಿಕದ ಬೇರಿಂಗ್ ತಯಾರಕರ ಸಂಘದ ಎಂಜಿನಿಯರ್‌ಗಳ ಸಮಿತಿ ಮಾಡಿದ ದರ್ಜೆ. 1, 3, 5, 7, 9 ಎಂದು ಏರುತ್ತದೆ. ಏರಿದಷ್ಟೂ ಅಳತೆಯ ನಿಖರತೆ ಹೆಚ್ಚು. ಆದರೆ ಗುಂಡು ಯಾವುದರದು, ಮೈ ಎಷ್ಟು ನುಣುಪು, ಒಳಗೆ ಎಷ್ಟು ಸಡಿಲ, ಯಾವ ಎಣ್ಣೆ, ಇದ್ಯಾವುದನ್ನೂ ಈ ದರ್ಜೆ ಹೇಳುವುದಿಲ್ಲ. ಕೊಳೆಯಾದ ಎಬೆಕ್ 7ಕ್ಕಿಂತ ತೊಳೆದ ಎಬೆಕ್ 3 ಚೆನ್ನಾಗಿ ಓಡುತ್ತದೆ. ಎಬೆಕ್ 5 ಇದ್ದರೆ ಧಾರಾಳ ಸಾಕು. ಅದರ ಮೇಲಿನ ನಂಬರಿಗೆ ಜಾಸ್ತಿ ದುಡ್ಡು ಕೊಡುವುದು ನನಗಂತೂ ಒಪ್ಪಿಗೆಯಿಲ್ಲ.

ಉಕ್ಕೋ, ಸಿರಾಮಿಕ್ಕೋ?

ಅಂಗಡಿಯಲ್ಲಿ ಸಿಗುವ ಅಗ್ಗದ 623 ಸಾಮಾನ್ಯವಾಗಿ ಕ್ರೋಮ್ ಉಕ್ಕಿನದು. ಗಟ್ಟಿ ಇರುತ್ತದೆ, ಚೆನ್ನಾಗಿ ಓಡುತ್ತದೆ. ಆದರೆ ನೀರು ಕಂಡರೆ ತುಕ್ಕು. ಮಳೆಗಾಲದಲ್ಲಿ ರೀಲ್ ಒರೆಸದೆ ಚೀಲಕ್ಕೆ ಹಾಕಿದರೆ ಒಂದೇ ವಾರದಲ್ಲಿ ಗೊತ್ತಾಗುತ್ತದೆ. 440ಸಿ ಎಂಬ ಸ್ಟೇನ್‌ಲೆಸ್ ಉಕ್ಕಿನದು ತುಕ್ಕನ್ನು ತಡೆದುಕೊಳ್ಳುತ್ತದೆ. ಪೂರ್ತಿ ಅಲ್ಲ, ಆದರೆ ನಮ್ಮ ಸಿಹಿನೀರಿಗೆ ಸಾಕು.

ಸಿರಾಮಿಕ್ ಎಂದು ಮಾರುವ ಬೇರಿಂಗ್‌ಗಳು ಬಹುತೇಕ ಹೈಬ್ರಿಡ್. ಗುಂಡು ಮಾತ್ರ ಸಿಲಿಕಾನ್ ನೈಟ್ರೈಡ್, ಉಂಗುರಗಳು ಉಕ್ಕಿನವೇ. ಹಾಗಾಗಿ "ಸಿರಾಮಿಕ್, ತುಕ್ಕು ಹಿಡಿಯಲ್ಲ" ಎಂಬ ಮಾತು ಅರ್ಧ ಸತ್ಯ. ಉಂಗುರಕ್ಕೆ ತುಕ್ಕು ಹಿಡಿಯಬಹುದು.

ಗುಂಡು ಹಗುರ ಎಂಬುದನ್ನೂ ದೊಡ್ಡದಾಗಿ ಹೇಳುತ್ತಾರೆ. ನಿಜವೇ. ಉಕ್ಕು ಒಂದು ಘನ ಸೆಂ.ಮೀಗೆ ಸುಮಾರು 7.8 ಗ್ರಾಂ, ಸಿಲಿಕಾನ್ ನೈಟ್ರೈಡ್ ಸುಮಾರು 3.2. ಆದರೆ 3×10×4 ಬೇರಿಂಗ್‌ನ ಪೂರ್ತಿ ತೂಕವೇ 2 ಗ್ರಾಂ ಒಳಗೆ, ಅಲ್ವಾ? ಅದರಲ್ಲಿ ಗುಂಡಿನ ಪಾಲೆಷ್ಟು! ಸಿರಾಮಿಕ್‌ನ ನಿಜವಾದ ಲಾಭ ಬೇರೆ. ಗುಂಡು ಬಹಳ ಗಟ್ಟಿ, ಬಹಳ ನುಣುಪು, ತೀರ ಕಡಿಮೆ ಎಣ್ಣೆಯಲ್ಲೂ ಓಡುತ್ತದೆ. ಎಣ್ಣೆ ಕಡಿಮೆ ಎಂದರೆ ಎಳೆತ ಕಡಿಮೆ.

ಆ ಎಳೆತ ಯಾಕೆ ಮುಖ್ಯ ಅಂತ ಒಂದು ಲೆಕ್ಕ ಹಾಕೋಣ. ಸ್ಪೂಲ್‌ನ ವ್ಯಾಸ 34 ಮಿ.ಮೀ ಇದ್ದರೆ ಒಂದು ಸುತ್ತಿಗೆ ಸುಮಾರು 107 ಮಿ.ಮೀ ದಾರ ಬಿಡುತ್ತದೆ. ಲೂರ್ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹಾರಿದರೆ, ಅಂದರೆ ಗಂಟೆಗೆ 72 ಕಿ.ಮೀ, ಸ್ಪೂಲ್ ಸೆಕೆಂಡಿಗೆ 187 ಸುತ್ತು, ನಿಮಿಷದ ಲೆಕ್ಕದಲ್ಲಿ 11 ಸಾವಿರಕ್ಕೂ ಮೇಲೆ ತಿರುಗುತ್ತಿರುತ್ತದೆ. ಆ ವೇಗದಲ್ಲಿ ಗಟ್ಟಿ ಎಣ್ಣೆ ಬ್ರೇಕ್ ಹಾಕಿದಂತೆ ಹಿಡಿಯುತ್ತದೆ. ಬೆರಳಿಗೆ ಆ ವೇಗ ಬಾರದು, ಅದಕ್ಕೇ ಮನೆಯಲ್ಲಿ ಸ್ಪೂಲ್ ಬೆರಳಿಂದ ತಿರುಗಿಸಿ "ನಲವತ್ತು ಸೆಕೆಂಡ್ ತಿರುಗಿತು" ಎಂದು ವಿಡಿಯೊ ಮಾಡುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ.

ಹೈಬ್ರಿಡ್ ಹಾಕಿದರೆ ಎಸೆಯುವಾಗ ಸುಂಯ್ ಎಂಬ ಸದ್ದು ಬರುತ್ತದೆ. ಹಾಳಾಗಿದೆ ಎಂದು ಹೆದರಬೇಡಿ, ಅದರ ಗುಣವೇ ಹಾಗೆ. ನನ್ನ ಆಯ್ಕೆ ಕೇಳಿದರೆ: ಹಗುರ ಲೂರ್ ಎಸೆಯುವವರು ಹೈಬ್ರಿಡ್ ತೆಗೆದುಕೊಳ್ಳಲಿ, ಕಪ್ಪೆ ಎಸೆಯುವವರು 440ಸಿ.

ಕವಚದ ಬಗ್ಗೆ ಎರಡೇ ಮಾತು. ಜಡ್‌ಜಡ್ ಎಂದರೆ ಎರಡೂ ಕಡೆ ತಗಡಿನ ಮುಚ್ಚಳ, 2ಆರ್‌ಎಸ್ ಎಂದರೆ ರಬ್ಬರ್ ಸೀಲ್. ರಬ್ಬರ್ ಒಳ ಉಂಗುರಕ್ಕೆ ತಾಗಿ ಎಳೆಯುತ್ತದೆ, ಸ್ಪೂಲ್‌ಗೆ ಬೇಡ. ಮುಚ್ಚಳವನ್ನು ಸಣ್ಣ ತಂತಿ ಕ್ಲಿಪ್ ಹಿಡಿದಿರುವಂಥದ್ದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ತೆಗೆದು ತೊಳೆಯಲು ಸುಲಭ.

ಬಿಚ್ಚುವಾಗ

ಮನೆಯ ನೆಲ ಶಹಾಬಾದ್ ಕಲ್ಲಿನದಾಗಿದ್ದರೆ ನೆಲದ ಮೇಲೆ ಕೂತು ಬಿಚ್ಚಬೇಡಿ. ಬೇರಿಂಗ್ ಹಿಡಿದಿಡುವ ತಂತಿ ಕ್ಲಿಪ್ ಟಿಂಗ್ ಎಂದು ಹಾರುತ್ತದೆ. ಬೂದು ಕಲ್ಲಿನ ಮೇಲೆ ಬೂದು ಕ್ಲಿಪ್, ಹುಡುಕಿದರೆ ಸಿಕ್ಕೀತೆ? ನನ್ನದೊಂದು ಇನ್ನೂ ಸಿಕ್ಕಿಲ್ಲ. ಪಾರದರ್ಶಕ ಪಾಲಿಥಿನ್ ಚೀಲದೊಳಗೆ ಕೈ ಹಾಕಿ ಬಿಚ್ಚಿ, ಹಾರಿದರೂ ಚೀಲದಲ್ಲೇ ಇರುತ್ತದೆ. ಪ್ರತಿ ಹೆಜ್ಜೆಗೂ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ.

ಶಾಫ್ಟ್ ಮೇಲಿನ ಬೇರಿಂಗ್‌ಗೆ ಅಡ್ಡಲಾಗಿ ಒಂದು ಪುಟ್ಟ ಪಿನ್ ಇರುತ್ತದೆ. ಅದನ್ನು ಒತ್ತಿ ತೆಗೆಯಲು ಪಿನ್ ರಿಮೂವರ್ ಎಂಬ ಸಾಧನವೇ ಇದೆ. ಮೊಳೆ ಇಟ್ಟು ಸುತ್ತಿಗೆಯಿಂದ ಬಡಿದರೆ ಶಾಫ್ಟ್ ಬಾಗುತ್ತದೆ. ಕೂದಲೆಳೆಯಷ್ಟು ಬಾಗಿದರೂ ಸ್ಪೂಲ್ ನಡುಗುತ್ತದೆ, ಆಮೇಲೆ ಯಾವ ಬೇರಿಂಗ್ ಹಾಕಿದರೂ ಪ್ರಯೋಜನವಿಲ್ಲ. ಸಾಧನ ಇಲ್ಲದಿದ್ದರೆ ಆ ಬೇರಿಂಗನ್ನು ಶಾಫ್ಟ್ ಮೇಲೆಯೇ ತೊಳೆದು ಬಿಡಿ, ಮುಚ್ಚಳದ ಕಡೆಯದನ್ನು ಮಾತ್ರ ಬದಲಿಸಿ.

ಹೊಸದನ್ನು ಗೂಡಿಗೆ ಕೂರಿಸುವಾಗ ಹೊರ ಉಂಗುರವನ್ನು ಒತ್ತಿ. ಒಳ ಉಂಗುರ ಒತ್ತಿದರೆ ಆ ಬಲವೆಲ್ಲ ಗುಂಡುಗಳ ಮೂಲಕ ಹಾದು ಓಟದ ದಾರಿಯಲ್ಲಿ ಗುಳಿ ಮಾಡುತ್ತದೆ. ಹಾಕುವ ಮೊದಲೇ ಹಾಳು.

ಎಣ್ಣೆ ಒಂದೇ ತೊಟ್ಟು

ರೀಲ್‌ಗೆಂದೇ ಬರುವ ತೆಳು ಎಣ್ಣೆ ಒಳ್ಳೆಯದು. ಸಿಗದಿದ್ದರೆ ಹೊಲಿಗೆ ಮಷೀನ್ ಎಣ್ಣೆ ನಡೆಯುತ್ತದೆ. ಸೂಜಿ ತುದಿಯಿಂದ ಒಂದು ತೊಟ್ಟು, ಸಾಕು. ಕೊಬ್ಬರಿ ಎಣ್ಣೆ ಹಾಕಿದವರನ್ನು ನಾನು ನೋಡಿದ್ದೇನೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಿಗ್ಗೆ ಬೀದರ್‌ನ ಕಾರಂಜಾ ಜಲಾಶಯದ ದಂಡೆಯಲ್ಲಿ ನಿಂತರೆ ತಲೆಯ ಎಣ್ಣೆಯೇ ಗಟ್ಟಿ, ರೀಲ್‌ನದು ಕೇಳಬೇಕೆ? ಬೇಸಿಗೆಯಲ್ಲಿ ತೊಂದರೆ ಉಲ್ಟಾ. ಯಾದಗಿರಿ, ಕಲಬುರಗಿಯ ಬಿಸಿಲಿಗೆ ತೆಳು ಎಣ್ಣೆ ಬೇಗ ಆರುತ್ತದೆ. ಏಪ್ರಿಲ್, ಮೇನಲ್ಲಿ ಎರಡು ಮೂರು ಸಲ ಹೋಗಿ ಬಂದ ಮೇಲೆ ಮತ್ತೊಂದು ತೊಟ್ಟು ಹಾಕಿ.

ಮೊದಲ ಎಸೆತ ಮೈದಾನದಲ್ಲಿ

ಹೊಸ ಬೇರಿಂಗ್ ಹಾಕಿದ ರೀಲನ್ನು ಹಳೆ ಬ್ರೇಕ್ ಸೆಟ್ಟಿಂಗ್‌ನಲ್ಲೇ ಎಸೆದರೆ ದಾರ ಗುಬ್ಬಿ ಗೂಡಾಗುತ್ತದೆ. ಸ್ಪೂಲ್ ಈಗ ಹೆಚ್ಚು ವೇಗವಾಗಿ ತಿರುಗುತ್ತದೆ, ಲೂರ್ ನಿಧಾನವಾದರೂ ಅದು ನಿಧಾನವಾಗುವುದಿಲ್ಲ. ಆದ್ದರಿಂದ ನದಿಗೆ ಹೋಗುವ ಮೊದಲು ಖಾಲಿ ಮೈದಾನಕ್ಕೆ ಹೋಗಿ. ಕೊಕ್ಕೆ ತೆಗೆದ ಲೂರ್ ಕಟ್ಟಿ. ಬ್ರೇಕ್ ಪೂರ್ತಿ ಏರಿಸಿ. ಟೆನ್ಷನ್ ನಾಬನ್ನು ಸ್ಪೂಲ್ ಅಕ್ಕಪಕ್ಕ ಅಲ್ಲಾಡದಷ್ಟು ಮಾತ್ರ ಬಿಗಿ ಮಾಡಿ. ನಾಬ್ ಬಿಗಿದಷ್ಟೂ ಹೊಸ ಬೇರಿಂಗ್‌ನ ಲಾಭ ಹೋಗುತ್ತದೆ. ಐದಾರು ಸಲ ಎಸೆದು, ದಾರ ಸಡಿಲವಾಗದಿದ್ದರೆ ಬ್ರೇಕ್ ಒಂದು ಮೆಟ್ಟಿಲು ಇಳಿಸಿ. ಹೆಜ್ಜೆ ಹಾಕಿ ದೂರ ಎಣಿಸಿ, ಬರೆದಿಟ್ಟುಕೊಳ್ಳಿ. ಬದಲಿಸುವ ಮೊದಲೂ ಇದೇ ಮೈದಾನದಲ್ಲಿ ಇದೇ ಲೂರ್ ಎಸೆದು ಎಣಿಸಿದ್ದರೆ ಮಾತ್ರ ಎಷ್ಟು ಗಳಿಸಿದಿರಿ ಎಂದು ಗೊತ್ತಾಗುತ್ತದೆ. ನನಗೆ ಹಗುರ ಲೂರ್‌ನಲ್ಲಿ ಏಳೆಂಟು ಹೆಜ್ಜೆ ಹೆಚ್ಚಾಯಿತು, ಕಪ್ಪೆಯಲ್ಲಿ ಎರಡೇ.

ಹಳೆಯ ಬೇರಿಂಗ್ ಎಸೆಯಬೇಡಿ. ತೊಳೆದು, ಎಣ್ಣೆ ಹಾಕಿ, ಅಳತೆ ಬರೆದ ಚೀಟಿಯ ಜೊತೆ ಸಣ್ಣ ಡಬ್ಬಿಯಲ್ಲಿಟ್ಟು ಚೀಲದಲ್ಲಿರಲಿ. ನಾರಾಯಣಪುರದ ಹಿನ್ನೀರಿನ ತನಕ ಹೋಗಿ ಹೊಸದರೊಳಗೆ ಮರಳು ಸೇರಿಕೊಂಡರೆ ಅವತ್ತಿನ ದಿನ ಉಳಿಸುವುದು ಅದೇ.