ಮೂತ್ರದಲ್ಲಿ ರಕ್ತ: ಸ್ಕ್ಯಾನಿಂಗ್ ಕೋಣೆಯ ನನ್ನ ರೂಢಿ

"ಉಚ್ಚೆ ಕೆಂಪಗೆ ಹೋಯ್ತು, ನೋವೇನಿಲ್ಲ" ಅನ್ನುವವರು 50 ದಾಟಿದ ಬೀಡಿ ಸೇದುವವರಾದರೆ ನನ್ನ ಅನುಮಾನ ಮೊದಲು ಮೂತ್ರಕೋಶದ ಗಡ್ಡೆಯ ಮೇಲೆ. ಸೊಂಟ ಹಿಡಿದು ಹೊರಳಾಡುತ್ತ ಬಂದವರಲ್ಲಿ ಹೆಚ್ಚಾಗಿ ಕಲ್ಲು.

ಶುರು ಅಲ್ಟ್ರಾಸೌಂಡಿನಿಂದಲೇ. ಆದರೆ ಮೂತ್ರಕೋಶ ತುಂಬದೆ ನಾನು ಪ್ರೋಬ್ ಇಡುವುದಿಲ್ಲ. ಹೊರಗೆ ಎಷ್ಟೇ ಗೊಣಗಿದರೂ ಇನ್ನೊಂದು ಬಾಟಲಿ ನೀರು ಕುಡಿಸಿ ಕೂರಿಸುತ್ತೇನೆ. ಅರೆಖಾಲಿ ಕೋಶದ ಗೋಡೆ ಮಡಿಕೆ ಬಿದ್ದು ದಪ್ಪಗೆ ಕಾಣುತ್ತದೆ, ಆ ಮಡಿಕೆಯಲ್ಲಿ ಚಿಕ್ಕ ಗಡ್ಡೆ ಅಡಗಿದರೆ ಗೊತ್ತೇ ಆಗದು. ಒಳಗೆ ಬೂದು ಮುದ್ದೆ ಕಂಡರೆ ರೋಗಿಯನ್ನು ಮಗ್ಗುಲಿಗೆ ತಿರುಗಿಸುತ್ತೇನೆ. ಹೆಪ್ಪುಗಟ್ಟಿದ ರಕ್ತ ಸಾಮಾನ್ಯವಾಗಿ ಕೆಳಕ್ಕೆ ಜಾರುತ್ತದೆ, ಗಡ್ಡೆ ಅಲ್ಲಾಡುವುದಿಲ್ಲ. ಜಾರದಿದ್ದರೆ ರಕ್ತದ ಹರಿವು ತೋರಿಸುವ ಡಾಪ್ಲರ್. ಹರಿವು ಕಂಡರೆ ಗಡ್ಡೆ ಅಂತ ಬರೆಯಲು ಧೈರ್ಯ ಬರುತ್ತದೆ. ಕಾಣದಿದ್ದರೆ, ಗಡ್ಡೆಯಲ್ಲ ಅಂತ ಬರೆಯುವ ಧೈರ್ಯ ಮಾತ್ರ ಬರುವುದಿಲ್ಲ.

ಮೂತ್ರಪಿಂಡದಿಂದ ಕೋಶಕ್ಕೆ ಇಳಿಯುವ ಮೂತ್ರನಾಳದ ನಡುಭಾಗ ಅಲ್ಟ್ರಾಸೌಂಡಿನಲ್ಲಿ ಕರುಳಿನ ಗಾಳಿಗೆ ಮರೆಯಾಗುತ್ತದೆ. ಅದಕ್ಕೆ ಸಿಟಿ ಯುರೋಗ್ರಫಿ, ಅಂದರೆ ರಕ್ತಕ್ಕೆ ಕಾಂಟ್ರಾಸ್ಟ್ ಔಷಧ ಕೊಟ್ಟು ಮೂತ್ರದ ದಾರಿಯನ್ನು ಎದ್ದು ಕಾಣಿಸುವ ಸಿಟಿ ಸ್ಕ್ಯಾನ್ ಬೇಕು, ಆದರೆ ಎಲ್ಲರಿಗೂ ಅಲ್ಲ. ಬರಿಗಣ್ಣಿಗೆ ಕಾಣದ, ಮೈಕ್ರೋಸ್ಕೋಪಿನಲ್ಲಷ್ಟೇ ಸಿಕ್ಕ ರಕ್ತವಾದರೆ ಅಮೆರಿಕನ್ ಯುರೋಲಾಜಿಕಲ್ ಅಸೋಸಿಯೇಷನ್ನಿನ 2020ರ ಮಾರ್ಗಸೂಚಿ ಕ್ಯಾನ್ಸರಿನ ಹೆಚ್ಚು ಅಪಾಯದವರಿಗಷ್ಟೇ ಅದನ್ನು ಹೇಳಿತು. ಮಧ್ಯಮದವರಿಗೆ ಸಿಸ್ಟೋಸ್ಕೋಪಿಯ (ಕೋಶದೊಳಗೆ ಕ್ಯಾಮರಾ ಪೈಪ್ ಹಾಕಿ ನೋಡುವುದು) ಜೊತೆ ಅಲ್ಟ್ರಾಸೌಂಡ್ ಸಾಕು. ನಾನೂ ಹಾಗೇ ನಡೆಯುತ್ತೇನೆ. ಗರ್ಭಿಣಿಯರಿಗಂತೂ ಸಿಟಿಯ ಮಾತೆತ್ತುವುದಿಲ್ಲ. ಅಲ್ಟ್ರಾಸೌಂಡ್ ಸಾಲದಿದ್ದರೆ ಕಾಂಟ್ರಾಸ್ಟ್ ಇಲ್ಲದ ಎಂಆರ್‌ಐ.

ಸಿಟಿ ಮಾಡುವಾಗ, ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ ಕ್ರಿಯಾಟಿನಿನ್ ನೋಡಿಯೇ ಕಾಂಟ್ರಾಸ್ಟ್. ಅದಕ್ಕೂ ಮುಂಚೆ ಕಲ್ಲಿಗಾಗಿ ಒಂದು ಸುತ್ತು, ಆಮೇಲೆ ಸುಮಾರು 100 ಸೆಕೆಂಡಿಗೆ ಮೂತ್ರಪಿಂಡಕ್ಕಾಗಿ ಇನ್ನೊಂದು. ಅಲ್ಲಿನ ಗಂಟು ಮೊದಲ ಸುತ್ತಿಗಿಂತ 20 ಹೌನ್ಸ್‌ಫೀಲ್ಡ್ ಯೂನಿಟ್‌ಗೂ (ಸಿಟಿಯಲ್ಲಿ ಸಾಂದ್ರತೆಯ ಅಳತೆ) ಹೆಚ್ಚು ಏರಿದ್ದರೆ ಅದು ಬರೀ ನೀರುಗುಳ್ಳೆಯಲ್ಲ. ಕೊನೆಯ ಸುತ್ತು 10 ನಿಮಿಷದ ಆಸುಪಾಸಿಗೆ, ಕಾಂಟ್ರಾಸ್ಟ್ ಮೂತ್ರದ ಜೊತೆ ನಾಳಕ್ಕೆ ಇಳಿದ ಮೇಲೆ. ಟೆಕ್ನಿಷಿಯನ್‌ಗೆ ಅವಸರ, ನನಗೆ ಹಟ. ಮೂತ್ರ ಹೆಚ್ಚಿಸುವ ಔಷಧ ಫ್ಯೂರೋಸೆಮೈಡ್ ಕೊಡಬಹುದಾದವರಿಗೆ 10 ಮಿಲಿಗ್ರಾಂ ಕೊಟ್ಟರೆ ನಾಳ ಹಿಗ್ಗಿ ಉದ್ದಕ್ಕೂ ತುಂಬಿಕೊಳ್ಳುತ್ತದೆ. ಆ ಚಿತ್ರಗಳನ್ನು ಮೂಳೆಯ ವಿಂಡೋದಲ್ಲಿ, ಅಂದರೆ ಮೂಳೆ ನೋಡಲು ಇಡುವ ಕಪ್ಪು-ಬಿಳುಪಿನ ಹೊಂದಿಕೆಯಲ್ಲಿ ಓದಬೇಕು. ಮಾಮೂಲಿ ವಿಂಡೋದಲ್ಲಿ ಕಾಂಟ್ರಾಸ್ಟ್ ತುಂಬಿದ ನಾಳ ಕಣ್ಣು ಕುಕ್ಕುವಷ್ಟು ಬೆಳ್ಳಗಿದ್ದು ಸಣ್ಣ ಗಡ್ಡೆಯ ಕಪ್ಪು ಚುಕ್ಕೆ ಅದರಲ್ಲೇ ಮುಳುಗಿಹೋಗುತ್ತದೆ.

ಎಲ್ಲ ಸರಿಯಿದ್ದರೂ, ನೋವಿಲ್ಲದೆ ಕೆಂಪಗೆ ಹೋದ 50 ದಾಟಿದ ಬೀಡಿ ಸೇದುವವರ ರಿಪೋರ್ಟಿನ ಕೊನೆಗೆ ಸಿಸ್ಟೋಸ್ಕೋಪಿ ಅಂತ ಬರೆಯುತ್ತೇನೆ. "ಸ್ಕ್ಯಾನಿಂಗ್ ಕ್ಲಿಯರ್ ಅಂತೀರಿ, ಮತ್ತೆ ಪೈಪ್ ಹಾಕೋದು ಯಾಕೆ?" ಅಂತ ಮನೆಯವರು ಜಗಳಕ್ಕೆ ಬರುತ್ತಾರೆ. ಕೋಶದ ಒಳಪದರದಲ್ಲಿ ಚಪ್ಪಟೆಯಾಗಿ ಹಬ್ಬುವ ಕ್ಯಾನ್ಸರ್ ನನ್ನ ಯಾವ ಯಂತ್ರಕ್ಕೂ ನೆಚ್ಚುವಂತೆ ಕಾಣುವುದಿಲ್ಲ, ಕ್ಯಾಮರಾ ಒಳಗೆ ಹೋಗಲೇಬೇಕು ಅಂತ ಹೇಳಿ ಯುರೋಲಜಿಸ್ಟ್ ಹತ್ತಿರ ಕಳಿಸುತ್ತೇನೆ.