ಕಾರ್ಖಾನೆಯ ಕಂಪ್ಯೂಟರ್‌ಗೆ ಹೊಸ ವಿಂಡೋಸ್: ಯಂತ್ರದ ಕಡೆಯಿಂದ ಶುರು ಮಾಡಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಚೇರಿಯ ಕಂಪ್ಯೂಟರ್ ಆದರೆ ರಾತ್ರಿ ಹೊಸ ಆವೃತ್ತಿ ಹಾಕಿ ಬೆಳಿಗ್ಗೆ ಕೆಲಸ ಮುಂದುವರಿಸಬಹುದು. ಕಂಟ್ರೋಲ್ ರೂಮಿನಲ್ಲಿ ಸ್ಕಾಡಾ (ಯಂತ್ರಗಳ ಸ್ಥಿತಿಯನ್ನು ಪರದೆಯಲ್ಲಿ ತೋರಿಸಿ ನಿಯಂತ್ರಿಸಲು ನೆರವಾಗುವ ತಂತ್ರಾಂಶ) ನಡೆಸುವ ಕಂಪ್ಯೂಟರಿಗೆ ಈ ಲೆಕ್ಕ ಹೊಂದುವುದಿಲ್ಲ. ಯಂತ್ರವನ್ನು ಓಡಿಸುವ ಪಿಎಲ್‌ಸಿ ಎಂಬ ನಿಯಂತ್ರಕ ಸಾಧನದಲ್ಲಿ ಸಾಮಾನ್ಯವಾಗಿ ವಿಂಡೋಸ್ ಇರುವುದಿಲ್ಲ. ಕಂಪ್ಯೂಟರ್ ಕೈಕೊಟ್ಟರೂ ಅದು ತನ್ನ ಪ್ರೋಗ್ರಾಂ ಪ್ರಕಾರ ಕೆಲಸ ಮಾಡುತ್ತಲೇ ಇರುತ್ತದೆ. ಅಪಾಯ ಇರುವುದೇ ಅಲ್ಲಿ. ಬಾಯ್ಲರ್ ಉರಿಯುತ್ತಿರುತ್ತದೆ, ಪಂಪ್ ಓಡುತ್ತಿರುತ್ತದೆ, ಆದರೆ ಆಪರೇಟರಿಗೆ ಒತ್ತಡ ಎಷ್ಟಿದೆ ಎಂಬುದು ಕಾಣುವುದಿಲ್ಲ, ಅಲಾರಂ ಕೇಳುವುದಿಲ್ಲ. ಆದ್ದರಿಂದ ಈ ಕೆಲಸವನ್ನು ಐಟಿ ವಿಭಾಗದ ಅಪ್‌ಡೇಟ್ ವೇಳಾಪಟ್ಟಿಗೆ ಬಿಟ್ಟುಕೊಡಬಾರದು.

ಮೊದಲು ಪಟ್ಟಿ

ಪ್ರತಿ ಯಂತ್ರದ ಪಿಎಲ್‌ಸಿ ಮಾದರಿ, ಅದರ ಫರ್ಮ್‌ವೇರ್ (ಸಾಧನದೊಳಗೇ ಅಡಕವಾದ ತಂತ್ರಾಂಶ) ಆವೃತ್ತಿ, ಪ್ರೋಗ್ರಾಮಿಂಗ್ ತಂತ್ರಾಂಶದ ಆವೃತ್ತಿ ಮತ್ತು ಸರ್ವಿಸ್ ಪ್ಯಾಕ್, ಸ್ಕಾಡಾ, ಡೇಟಾಬೇಸ್, ಸಂಪರ್ಕದ ಕಾರ್ಡ್ ಅಥವಾ ಕೇಬಲ್, ಈಗಿರುವ ವಿಂಡೋಸ್ 32 ಬಿಟ್‌ನದೋ 64 ಬಿಟ್‌ನದೋ, ಎಲ್ಲವನ್ನೂ ಬರೆದುಕೊಳ್ಳಿ. ಪ್ರೋಗ್ರಾಮಿಂಗ್ ತಂತ್ರಾಂಶ ಯಾರ ಲ್ಯಾಪ್‌ಟಾಪಿನಲ್ಲಿದೆ ಎಂಬುದನ್ನೂ ಸೇರಿಸಿ. ಎಷ್ಟೋ ಕಡೆ ಅದು ಒಬ್ಬರ ಬಳಿ ಮಾತ್ರ ಇರುತ್ತದೆ.

ಪಿಎಲ್‌ಸಿಯಿಂದ ವಿಂಡೋಸ್ ಕಡೆಗೆ ಬನ್ನಿ

ಹೆಚ್ಚಿನವರು ಹೊಸ ವಿಂಡೋಸ್ ಯಾವುದು ಎಂದು ನಿರ್ಧರಿಸಿ, ಆಮೇಲೆ ಅದರಲ್ಲಿ ಹಳೆಯ ತಂತ್ರಾಂಶ ನಡೆಯುತ್ತದೆಯೇ ಎಂದು ನೋಡುತ್ತಾರೆ. ಇದು ತಿರುಗುಮುರುಗು ಕ್ರಮ. ಪಿಎಲ್‌ಸಿಯ ಫರ್ಮ್‌ವೇರ್‌ಗೆ ಹೊಂದುವ ಪ್ರೋಗ್ರಾಮಿಂಗ್ ತಂತ್ರಾಂಶ ಯಾವುದು, ಆ ತಂತ್ರಾಂಶ ಒಪ್ಪುವ ವಿಂಡೋಸ್ ಯಾವುದು ಎಂಬ ಕ್ರಮದಲ್ಲಿ ಕೇಳಬೇಕು. ರಾಕ್‌ವೆಲ್‌ನ ಲಾಜಿಕ್ಸ್ ಕಂಟ್ರೋಲರ್‌ಗಳಲ್ಲಿ ಫರ್ಮ್‌ವೇರ್‌ನ ಮುಖ್ಯ ಆವೃತ್ತಿಗೂ ಅದರ ಪ್ರೋಗ್ರಾಮಿಂಗ್ ತಂತ್ರಾಂಶವಾದ ಸ್ಟುಡಿಯೋ 5000 ಆವೃತ್ತಿಗೂ ತಾಳೆಯಾಗಲೇಬೇಕು. ಸೀಮೆನ್ಸ್‌ನ ಪ್ರೋಗ್ರಾಮಿಂಗ್ ತಂತ್ರಾಂಶ ಟಿಐಎ ಪೋರ್ಟಲ್‌ನಲ್ಲಿ ಪ್ರಾಜೆಕ್ಟನ್ನು ಒಮ್ಮೆ ಹೊಸ ಆವೃತ್ತಿಗೆ ಏರಿಸಿದರೆ ಹಳೆಯ ಆವೃತ್ತಿಯಲ್ಲಿ ಅದು ತೆರೆಯುವುದಿಲ್ಲ. ಹೀಗೆ ವಿಂಡೋಸ್‌ನಿಂದ ಶುರುವಾದ ಬದಲಾವಣೆ ಫರ್ಮ್‌ವೇರ್‌ವರೆಗೆ ಹೋಗಿ ಉತ್ಪಾದನೆಯನ್ನೇ ನಿಲ್ಲಿಸಬೇಕಾದ ಸ್ಥಿತಿ ಬರಬಹುದು.

ಯಾವುದಕ್ಕೆ ಯಾವುದು ಹೊಂದುತ್ತದೆ ಎಂಬ ಅಧಿಕೃತ ಮಾಹಿತಿಯನ್ನು ಈ ಎರಡೂ ಕಂಪನಿಗಳು ತಮ್ಮ ಜಾಲತಾಣದಲ್ಲಿ ಇಟ್ಟಿವೆ. ಬೇರೆ ತಯಾರಕರಿಂದ ಲಿಖಿತವಾಗಿ ಕೇಳಿ ಪಡೆಯಿರಿ. ತಂತ್ರಾಂಶ ಇನ್‌ಸ್ಟಾಲ್ ಆಯಿತು, ತೆರೆದುಕೊಂಡಿತು ಎಂಬುದು ಬೆಂಬಲ ಇದೆ ಎಂಬುದಕ್ಕೆ ಸಾಕ್ಷಿಯಲ್ಲ.

ಎಲ್ಲಿ ಎಡವುತ್ತದೆ?

ವಿಂಡೋಸ್ 11 ಕೇವಲ 64 ಬಿಟ್‌ನಲ್ಲಿ ಬರುತ್ತದೆ. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಪ್ರೋಗ್ರಾಂ ನಡೆಯುವುದಿಲ್ಲ. ತಂತ್ರಾಂಶ 32 ಬಿಟ್‌ನದಾಗಿದ್ದರೂ ಅದರ ಹಳೆಯ ಇನ್‌ಸ್ಟಾಲರ್ 16 ಬಿಟ್‌ನದಾಗಿದ್ದರೆ ಅಲ್ಲಿಗೇ ನಿಂತುಬಿಡಬಹುದು. ವಿಂಡೋಸ್ 11ಕ್ಕೆ ಕಂಪ್ಯೂಟರಿನಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯಗಳು ಬೇಕು. ಹಳೆಯ ಇಂಡಸ್ಟ್ರಿಯಲ್ ಪಿಸಿಗಳು ಬಹುಪಾಲು ಇಲ್ಲಿಯೇ ಅನುತ್ತೀರ್ಣವಾಗುತ್ತವೆ. ಸಾಧನಗಳನ್ನು ವಿಂಡೋಸ್‌ಗೆ ಜೋಡಿಸುವ ಡ್ರೈವರ್ ತಂತ್ರಾಂಶಗಳಿಗೆ ಸರಿಯಾದ ಡಿಜಿಟಲ್ ಸಹಿ ಇಲ್ಲದಿದ್ದರೆ ಅವು ಲೋಡ್ ಆಗುವುದಿಲ್ಲ. ‘ಮೆಮೊರಿ ಇಂಟೆಗ್ರಿಟಿ’ ಎಂಬ ರಕ್ಷಣೆ ಚಾಲೂ ಇದ್ದರೆ ಸಹಿ ಇರುವ ಹಳೆಯ ಡ್ರೈವರೂ ತಡೆಯಲ್ಪಡಬಹುದು. ಯುಎಸ್‌ಬಿ–ಸೀರಿಯಲ್ ಕೇಬಲ್, ಲೈಸೆನ್ಸ್ ಡಾಂಗಲ್ (ತಂತ್ರಾಂಶದ ಪರವಾನಗಿ ಹೊತ್ತ ಪುಟ್ಟ ಪ್ಲಗ್), ಪಿಎಲ್‌ಸಿ ಸಂಪರ್ಕದ ಕಾರ್ಡ್, ಮೂರನ್ನೂ ಒಂದೊಂದಾಗಿ ಪರೀಕ್ಷಿಸಿ.

ಇವೆಲ್ಲ ತಕ್ಷಣ ಕಣ್ಣಿಗೆ ಬೀಳುವ ತೊಡಕುಗಳು. ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಡಿಕಾಂ (ಬೇರೆ ಬೇರೆ ಕಂಪ್ಯೂಟರ್‌ಗಳ ಪ್ರೋಗ್ರಾಂಗಳು ಪರಸ್ಪರ ಮಾತನಾಡಲು ವಿಂಡೋಸ್‌ನಲ್ಲಿರುವ ವ್ಯವಸ್ಥೆ) ವಿಷಯ. ಬೇರೆ ಬೇರೆ ಕಂಪನಿಗಳ ಸ್ಕಾಡಾ ಮತ್ತು ಪಿಎಲ್‌ಸಿಗಳ ನಡುವೆ ಮಾಹಿತಿ ಸಾಗಿಸುವ ಹಳೆಯ ಒಪಿಸಿ ಡಿಎ ವಿಧಾನ, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವಾಗ ವಿಂಡೋಸ್‌ನ ಡಿಕಾಂ ಅನ್ನು ನೆಚ್ಚಿಕೊಂಡಿದೆ. ಅದರಲ್ಲಿದ್ದ ಭದ್ರತಾ ಲೋಪ ಮುಚ್ಚಲು ಮೈಕ್ರೋಸಾಫ್ಟ್ ಮೂರು ಹಂತ ಇಟ್ಟಿತು. 2021ರ ಜೂನ್‌ನಲ್ಲಿ ಬಿಗಿ ನಿಯಮ ಬಂದರೂ ಅದು ಬೇಕಾದವರಿಗೆ ಮಾತ್ರ ಇತ್ತು. 2022ರ ಜೂನ್‌ನಲ್ಲಿ ಅದು ತಾನಾಗಿಯೇ ಚಾಲೂ ಆಯಿತು. 2023ರ ಮಾರ್ಚ್ 14ರ ಅಪ್‌ಡೇಟ್ ಬಳಿಕ ಅದನ್ನು ಆಫ್ ಮಾಡುವ ದಾರಿಯೇ ಉಳಿಯಲಿಲ್ಲ. ಗಮನಿಸಿ, ಇಲ್ಲಿ ಯಾರೂ ವಿಂಡೋಸ್ ಆವೃತ್ತಿ ಬದಲಿಸಿರಲಿಲ್ಲ. ಮಾಮೂಲಿ ತಿಂಗಳ ಅಪ್‌ಡೇಟೇ ಸಂಪರ್ಕ ಕಡಿಯಬಲ್ಲದಾಗಿತ್ತು. ನಿಮ್ಮಲ್ಲಿ ಒಪಿಸಿ ಡಿಎ ಇದ್ದು ಮೌಲ್ಯಗಳು ಬರದೆ ಹೋದರೆ, ಈವೆಂಟ್ ವ್ಯೂವರ್‌ನ ಸಿಸ್ಟಂ ಲಾಗ್‌ನಲ್ಲಿ 10036, 10037, 10038 ಸಂಖ್ಯೆಗಳನ್ನು ಹುಡುಕಿ. ಕಂಡರೆ ಎರಡೂ ಬದಿಯ ತಂತ್ರಾಂಶಕ್ಕೆ ತಯಾರಕರ ತಿದ್ದುಪಡಿ ಹಾಕಬೇಕು, ಅಥವಾ ಡಿಕಾಂ ಬೇಡದ ಹೊಸ ವಿಧಾನವಾದ ಒಪಿಸಿ ಯುಎಗೆ ದಾಟಬೇಕು. ಖರ್ಚಿಗೆ ಅವಕಾಶವಿದ್ದರೆ ಎರಡನೆಯದನ್ನೇ ಆರಿಸಿ.

ಏರಿಸಲಾಗದಿದ್ದರೆ

ವಿಂಡೋಸ್ 10ರ ದೀರ್ಘಾವಧಿ ಬೆಂಬಲದ ಆವೃತ್ತಿಗಳಿವೆ. ಐಒಟಿ ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ 2021ಕ್ಕೆ 2032ರ ಜನವರಿ 13ರವರೆಗೆ ಬೆಂಬಲವಿದೆ. ಹೆಸರಿನಲ್ಲಿ ‘ಐಒಟಿ’ ಇಲ್ಲದ ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ 2021ಕ್ಕೆ ಅದು 2027ರ ಜನವರಿ 12ಕ್ಕೇ ಮುಗಿಯುತ್ತದೆ. ಖರೀದಿಸುವಾಗ ಒಂದು ಪದ ತಪ್ಪಿದರೆ ಐದು ವರ್ಷ ಹೋದಂತೆ.

ಹಳೆಯ ಪ್ರೋಗ್ರಾಮಿಂಗ್ ತಂತ್ರಾಂಶವನ್ನು ಹಳೆಯ ವಿಂಡೋಸ್ ಸಮೇತ ವರ್ಚುವಲ್ ಮಷೀನಿನಲ್ಲಿ (ಕಂಪ್ಯೂಟರಿನೊಳಗೆ ತಂತ್ರಾಂಶವೇ ರೂಪಿಸುವ ಇನ್ನೊಂದು ಕಂಪ್ಯೂಟರ್) ಇಟ್ಟುಕೊಳ್ಳುವುದು ಒಳ್ಳೆಯ ಉಪಾಯ. ಕಂಪ್ಯೂಟರಿನಲ್ಲೇ ನಡೆಯುವ ಸಾಫ್ಟ್ ಪಿಎಲ್‌ಸಿಯನ್ನು ಮಾತ್ರ ತಯಾರಕರ ಒಪ್ಪಿಗೆಯಿಲ್ಲದೆ ಹಾಗೆ ಸಾಗಿಸಬೇಡಿ. ಅದಕ್ಕೆ ಮಿಲಿಸೆಕೆಂಡಿನ ನಿಖರತೆ ಬೇಕು.

ಹಳೆಯದನ್ನೇ ಉಳಿಸಿಕೊಂಡರೆ ಅದನ್ನು ಕಚೇರಿಯ ಜಾಲದಿಂದ ಫೈರ್‌ವಾಲ್ ಮೂಲಕ ಬೇರ್ಪಡಿಸಿ. ಇಂಟರ್ನೆಟ್ ಇಲ್ಲವೆಂದು ನೆಮ್ಮದಿಯಿಂದ ಇರುವಂತಿಲ್ಲ. 2018ರ ಆಗಸ್ಟ್‌ನಲ್ಲಿ ತೈವಾನ್‌ನ ಚಿಪ್ ತಯಾರಕ ಟಿಎಸ್‌ಎಂಸಿಯ ಘಟಕಗಳಿಗೆ ವಾನಾಕ್ರೈ ಮಾದರಿಯ ವೈರಸ್ ಹರಡಿದ್ದು, ಹೊಸ ಯಂತ್ರವೊಂದಕ್ಕೆ ತಂತ್ರಾಂಶ ಹಾಕಿ ಜಾಲಕ್ಕೆ ಜೋಡಿಸಿದಾಗ.

ಬ್ಯಾಕಪ್, ಲೈಸೆನ್ಸ್, ಹೊಸ ಡಿಸ್ಕ್

ಫೈಲ್‌ಗಳ ಪ್ರತಿ ಸಾಲದು. ಇಡೀ ಡಿಸ್ಕಿನ ಇಮೇಜ್ (ವಿಂಡೋಸ್ ಸಮೇತ ಯಥಾವತ್ ಪ್ರತಿ) ತೆಗೆಯಿರಿ, ಬೇರೊಂದು ಡಿಸ್ಕಿಗೆ ಹಾಕಿ ಬೂಟ್ ಆಗುತ್ತದೆಯೇ ನೋಡಿ. ಪಿಎಲ್‌ಸಿಯ ಮೂಲ ಪ್ರಾಜೆಕ್ಟ್ ಕಡತ ಕೈಯಲ್ಲಿರಲಿ. ಸೀಮೆನ್ಸ್ ಎಸ್7-300, 400ರಂಥ ಪಿಎಲ್‌ಸಿಗಳಿಂದ ಪ್ರೋಗ್ರಾಂ ಹಿಂದಕ್ಕೆ ಎಳೆದರೆ ಕೋಡ್ ಬರುತ್ತದೆ, ಹೆಸರುಗಳೂ ಟಿಪ್ಪಣಿಗಳೂ ಬರುವುದಿಲ್ಲ. ಲೈಸೆನ್ಸ್ ಕೀಗಳನ್ನು ಫಾರ್ಮ್ಯಾಟ್‌ಗೆ ಮೊದಲೇ ಬೇರೆಡೆಗೆ ವರ್ಗಾಯಿಸಿ; ಯಂತ್ರಾಂಶದ ಗುರುತಿಗೆ ಕಟ್ಟಿದ ಲೈಸೆನ್ಸ್ ಆದರೆ ಹಿಂದಿರುಗಿಸಿ ಮತ್ತೆ ಪಡೆಯಬೇಕು.

ಆಮೇಲೆ ಓಡುತ್ತಿರುವ ಡಿಸ್ಕಿನ ಮೇಲೆಯೇ ಅಪ್‌ಗ್ರೇಡ್ ಒತ್ತಬೇಡಿ. ಹಳೆಯದನ್ನು ಬಿಚ್ಚಿಟ್ಟು ಹೊಸ ಡಿಸ್ಕಿನಲ್ಲಿ ಹೊಸದಾಗಿ ಕಟ್ಟಿ. ಹಿಂದಿನ ಆವೃತ್ತಿಗೆ ಮರಳಲು ವಿಂಡೋಸ್ ಕೊಡುವ ಅವಧಿ ಸಾಮಾನ್ಯವಾಗಿ ಹತ್ತೇ ದಿನ. ಪಕ್ಕದಲ್ಲಿಟ್ಟ ಡಿಸ್ಕಿಗೆ ಗಡುವಿಲ್ಲ.

ಶಟ್‌ಡೌನ್ ದಿನ

ಹೊಸ ವ್ಯವಸ್ಥೆ ಮೇಲೆ ಬಂದ ಕೂಡಲೇ ನೋಡಬೇಕಾದವು: ನೆಟ್‌ವರ್ಕ್ ‘ಪಬ್ಲಿಕ್’ ಆಗಿ ಫೈರ್‌ವಾಲ್ ತಡೆಯುತ್ತಿದೆಯೇ, ಕಂಪ್ಯೂಟರ್ ನಿದ್ರೆಗೆ ಜಾರುವ ಸೆಟ್ಟಿಂಗ್, ಅಪ್‌ಡೇಟ್ ನಂತರ ತಾನಾಗಿ ರೀಸ್ಟಾರ್ಟ್ ಆಗುವ ಆಯ್ಕೆ, ಸಮಯದ ಹೊಂದಾಣಿಕೆ, ದಿನಾಂಕದ ನಮೂನೆ. ದಿನ-ತಿಂಗಳ ಕ್ರಮ ಅದಲುಬದಲಾದರೆ ಸ್ಕಾಡಾದ ಸ್ಕ್ರಿಪ್ಟ್‌ಗಳು ಸದ್ದಿಲ್ಲದೆ ತಪ್ಪು ಲೆಕ್ಕ ಕೊಡುತ್ತವೆ. ಪ್ರತಿ ಅಲಾರಂ ಗುಂಪಿನಿಂದ ಒಂದನ್ನು ನಿಜವಾಗಿ ಎಬ್ಬಿಸಿ ನೋಡಿ. ಆಪರೇಟರ್‌ಗಳನ್ನೇ ಕೂರಿಸಿ ಎಲ್ಲ ಪರದೆಗಳನ್ನು ತೆರೆಸಿ. ಯಾವ ಅಂಕಿ ಎಲ್ಲಿ ಇರಬೇಕೆಂದು ಅವರಿಗೆ ಗೊತ್ತಿರುತ್ತದೆ.

ಶಿಫ್ಟ್ ವರದಿ ಸರಿಯಾಗಿ ಬಂದರೂ ತಿಂಗಳ ವರದಿ ತಿಂಗಳ ಕೊನೆಗೇ ಓಡುತ್ತದೆ. ಅದು ಬಂದು, ಅಂಕಿಅಂಶಗಳು ತಾಳೆಯಾಗುವವರೆಗೆ ಹಳೆಯ ಡಿಸ್ಕನ್ನು ಬೇರೆ ಕೆಲಸಕ್ಕೆ ಕೊಡಬೇಡಿ.