ಉಸಿರು ಎಣಿಸುವುದರಿಂದಲೇ ನನ್ನ ಪಾಠ ಶುರು

ಬಿ.ಎಸ್‌ಸಿ. ನರ್ಸಿಂಗ್ ಮೂರನೇ ಸೆಮಿಸ್ಟರಿನ ಮಕ್ಕಳು ವಾರ್ಡಿಗೆ ಬರುವಾಗ ಅವರ ತಲೆಯಲ್ಲಿ ಡ್ರೆಸ್ಸಿಂಗ್, ಇಂಜೆಕ್ಷನ್‌ಗಳೇ ತುಂಬಿರುತ್ತವೆ. ನಾವು ಓದುವಾಗ ಮೆಡಿಕಲ್ ಸರ್ಜಿಕಲ್ ಎಂದಿದ್ದ ವಿಷಯಕ್ಕೆ 2021ರ ಪಠ್ಯಕ್ರಮದಲ್ಲಿ ಅಡಲ್ಟ್ ಹೆಲ್ತ್ ನರ್ಸಿಂಗ್ ಎಂಬ ಹೆಸರು ಬಂತು; ಆತುರ ಮಾತ್ರ ಅದೇ. ಮೊದಲ ವಾರ ನಾನು ಅದ್ಯಾವುದನ್ನೂ ಮುಟ್ಟಿಸುವುದಿಲ್ಲ. ಗಡಿಯಾರ ನೋಡಿಕೊಂಡು ಉಸಿರು ಎಣಿಸಿ ಎನ್ನುತ್ತೇನೆ.

ರೋಗಿಯ ಜ್ವರ, ನಾಡಿ, ಉಸಿರಾಟ ಬರೆದಿಡುವ ಎಷ್ಟೋ ಟಿಪಿಆರ್ ಚಾರ್ಟ್‌ಗಳಲ್ಲಿ ಜ್ವರ, ನಾಡಿ ಏರಿಳಿದಿರುತ್ತವೆ. ಉಸಿರಾಟದ ಅಂಕಣದಲ್ಲಿ ಮಾತ್ರ 20, 20, 20. ಯಾರೂ ಎಣಿಸಿಲ್ಲ ಎನ್ನಲು ಬೇರೆ ಸಾಕ್ಷಿ ಬೇಡ.

ಮೂವರನ್ನು ಒಂದೇ ಹಾಸಿಗೆಯ ಬಳಿ ನಿಲ್ಲಿಸುತ್ತೇನೆ. ಎಣಿಸುತ್ತಿದ್ದಾರೆಂದು ತಿಳಿದರೆ ರೋಗಿಯ ಉಸಿರಾಟವೇ ಬದಲಾಗುತ್ತದೆ. ಆದ್ದರಿಂದ ಒಬ್ಬಳು ನಾಡಿ ನೋಡಿದ ಮೇಲೂ ಮಣಿಕಟ್ಟು ಬಿಡಬಾರದು. ಎಲ್ಲರ ಕಣ್ಣೂ ಎದೆ, ಹೊಟ್ಟೆಯ ಮೇಲೆ, ಪೂರ್ತಿ ಒಂದು ನಿಮಿಷ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಜಾಣತನ ನನ್ನ ಹತ್ತಿರ ನಡೆಯದು. ಒಂದು ಉಸಿರು ತಪ್ಪಿದರೆ ಲೆಕ್ಕದಲ್ಲಿ ನಾಲ್ಕು ತಪ್ಪುತ್ತದೆ. ಆಮೇಲೆ ಒಬ್ಬರಿಗೊಬ್ಬರು ತೋರಿಸದೆ ಚೀಟಿಯಲ್ಲಿ ಬರೆಯಬೇಕು.

ಹೊಟ್ಟೆಯ ಆಪರೇಷನ್ ಆದ ಮರುದಿನ ಒಬ್ಬ ಅಜ್ಜನ ಬಳಿ ಚೀಟಿಗಳು 27, 26, 27 ಎಂದವು. ಚಾರ್ಟಿನಲ್ಲಿ ಎಂದಿನ 20.

"ರಕ್ತದ ಆಕ್ಸಿಜನ್ ಸ್ಯಾಚುರೇಷನ್ 97 ಇದೆಯಲ್ಲ ಮೇಡಂ?"

"ಆಕ್ಸಿಜನ್ ಹಾಕಿದ್ದಾರಲ್ಲ, ಅದಕ್ಕೇ ಇದೆ. ಅಜ್ಜನಿಗೆ ಕೆಮ್ಮಲು ಹೇಳು."

ಅಜ್ಜ ಹೊಟ್ಟೆ ಹಿಡಿದುಕೊಂಡು ತಲೆಯಾಡಿಸಿದರು. ನೋವಿಗೆ ಹೆದರಿ ಚಿಕ್ಕ ಚಿಕ್ಕ ಉಸಿರಿನಲ್ಲೇ ಕಾಲ ತಳ್ಳುತ್ತಿದ್ದರು. ಹಾಗೇ ಬಿಟ್ಟರೆ ಶ್ವಾಸಕೋಶದ ತಳಭಾಗ ಮುದುಡಿ, ಕಫ ನಿಂತು, ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದ 'ನ್ಯೂಸ್' ಅಂಕಪಟ್ಟಿಯನ್ನು (ಉಸಿರು, ನಾಡಿಯಂಥ ಅಂಶಗಳಿಗೆ ಅಂಕ ಕೊಟ್ಟು ರೋಗಿ ಹದಗೆಡುತ್ತಿರುವುದನ್ನು ಗುರುತಿಸುವ ಪಟ್ಟಿ) ಅಲ್ಲೇ ಬಿಡಿಸಿ ತೋರಿಸಿದೆ: ಉಸಿರು ನಿಮಿಷಕ್ಕೆ 12ರಿಂದ 20ರವರೆಗೆ ಇದ್ದರೆ ಅಂಕ ಸೊನ್ನೆ, 25 ಮತ್ತು ಅದಕ್ಕಿಂತ ಹೆಚ್ಚಾದರೆ 3. ಒಂದೇ ಅಂಶಕ್ಕೆ 3 ಬಂದರೂ ವೈದ್ಯರಿಗೆ ತಡಮಾಡದೆ ತಿಳಿಸಬೇಕು. ಡ್ಯೂಟಿ ಡಾಕ್ಟರ್ ಬಂದು ನೋಡಿ ನೋವಿನ ಔಷಧ ಬರೆದರು. ಹಾಸಿಗೆಯ ತಲೆಭಾಗ ಎತ್ತರಿಸಿ, ಗಾಯದ ಮೇಲೆ ದಿಂಬು ಒತ್ತಿ ಹಿಡಿದು ಕೆಮ್ಮುವುದನ್ನು ಪ್ರಶ್ನೆ ಕೇಳಿದ ಹುಡುಗಿಯೇ ಅಜ್ಜನಿಗೆ ಹೇಳಿಕೊಟ್ಟಳು. ಔಷಧದ ನಂತರ ಮತ್ತೆ ಚೀಟಿ ಹಿಡಿಸಿದೆ, ಏಕೆಂದರೆ ಮಾರ್ಫಿನ್‌ನಂಥವು ಉಸಿರನ್ನು ತೀರಾ ಇಳಿಸಲೂಬಹುದು. 8ಕ್ಕಿಳಿದರೂ ಅಂಕ 3.

ಇಷ್ಟು ಹೊತ್ತು ಒಂದೇ ಹಾಸಿಗೆಯ ಬಳಿಯೇ ಎಂಬ ಗೊಣಗಾಟ ವಾರ್ಡಿನ ಸಿಸ್ಟರ್‌ಗಳದು. ಅವರ ಕೈಯಲ್ಲಿರುವ ರೋಗಿಗಳ ಸಂಖ್ಯೆ ನೋಡಿದರೆ ಅದು ನ್ಯಾಯವೇ. ಹಾಗಾಗಿ ಆಪರೇಷನ್ ಆದವರನ್ನು, ಆಕ್ಸಿಜನ್ ಮೇಲಿರುವವರನ್ನು ಮಾತ್ರ ಮಕ್ಕಳಿಗೆ ಹಂಚಿ, ಎಣಿಸಿದ್ದನ್ನು ರೌಂಡ್ಸಿಗೆ ಮುಂಚೆಯೇ ಸಿಸ್ಟರ್‌ಗಳಿಗೆ ಒಪ್ಪಿಸುತ್ತೇನೆ.